ರಾಮಲಿಂಗಯ್ಯನವರ ಜರಿಯಂಚಿನ ರೆಕ್ಕೆ

"ಎರಡು ತಿಂಗಳಾ? ಎರಡೇ ದಿನ ಕೊಡಮ್ಮ! ಈ ರಾಮಲಿಂಗಯ್ಯ ನೇಯ್ದ ಬಟ್ಟೆ ಮುಂದೆ ನಿನ್ನ ಫಾರಿನ್ ಬಟ್ಟೆ ಬಂದು ಕೈ ಕಟ್ಕೊಂಡು ನಿಲ್ಬೇಕು, ಹಂಗೆ ಮಾಡಿ ಕೊಡ್ತೀನಿ!"

ದೊಡ್ಡಬಳ್ಳಾಪುರದ ತಮ್ಮ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ರಾಮಲಿಂಗಯ್ಯನವರು ಹೀಗೆ ಘೋಷಿಸಿದಾಗ ಎದುರಿಗಿದ್ದ ಮಹಾಸಭೆಯಲ್ಲಿ ಇದ್ದವರು ಇಬ್ಬರೇ. ಒಬ್ಬಳು ಮಗಳು ಅರುಣಾ, ಇನ್ನೊಬ್ಬರು ಹೆಂಡತಿ ಭಾಗ್ಯಮ್ಮ. ಮಗಳು ಚಪ್ಪಾಳೆ ತಟ್ಟಿದಳು. ಹೆಂಡತಿ ಹುರುಳಿಕಾಯಿ ಮುರಿಯುತ್ತಲೇ ಇದ್ದರು.

ವಿಷಯ ಇಷ್ಟೇ. ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿರುವ ಅರುಣಾಗೆ ವೈಶಾಖದಲ್ಲಿ ಮದುವೆಯಾಗಿತ್ತು. ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೆಯಲ್ಲಿ ಇರಬಾರದಲ್ಲ, ತವರಿಗೆ ಬಂದಳು. ಬೇರೆ ಹೆಣ್ಣುಮಕ್ಕಳು ಸೂಟ್‌ಕೇಸ್ ತಂದರೆ ಇವಳು ಆಳೆತ್ತರದ ಒಂದು ಹಲಗೆಯನ್ನೂ ಒಂದು ರೆಕ್ಕೆಯನ್ನೂ ತಂದಳು! ವಿಂಗ್‌ಸರ್ಫಿಂಗ್ ಅಂತೆ. ನೀರಿನ ಮೇಲೆ ಹಲಗೆ ಹಾಕಿ ನಿಲ್ಲುವುದು, ಗಾಳಿ ತುಂಬಿದ ಕೊಳವೆಗೆ ಬಟ್ಟೆ ಬಿಗಿದ ರೆಕ್ಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವುದು, ಗಾಳಿ ಎಳೆದಂತೆ ಜಾರಿಕೊಂಡು ಹೋಗುವುದು. ಹಿಮಾಚಲದ ಕಡೆ ಯಾವುದೋ ಬೆಟ್ಟದ ಕೆರೆಯಲ್ಲಿ ಕಲಿತು ಬಂದಿದ್ದಳು.

"ಬೆಟ್ಟದ ಕೆರೆ ನೋಡೋಕೆ ಅಷ್ಟು ದೂರ ಹೋಗಿದ್ಯಾ? ಘಾಟಿ ದಾಟಿದ್ರೆ ನಮ್ದೇ ಇದೆಯಲ್ಲಮ್ಮ!" ಎಂದು ರಾಮಲಿಂಗಯ್ಯನವರು ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಹೊರಟರು. ಮೂರು ಕಡೆ ಗುಡ್ಡ, ನಡುವೆ ತುಂಬಿದ ಕೆರೆ, ಮೇಲಿಂದ ಹುಚ್ಚೆದ್ದು ಬೀಸುವ ಆಷಾಢದ ಗಾಳಿ. ನೋಡುವುದಕ್ಕೆ ಹೋದವರು ಲೈಫ್ ಜಾಕೆಟ್ ತೊಟ್ಟು ನೀರಿಗೇ ಇಳಿದುಬಿಟ್ಟರು. ಹೇಗೂ ಆಷಾಢದಲ್ಲಿ ಸೀರೆ ವ್ಯಾಪಾರ ಮಲಗಿರುತ್ತದೆ, ಮಗ್ಗಗಳೂ ಮಲಗಿದ್ದವು, ಮಗ್ಗದ ಯಜಮಾನರೊಬ್ಬರು ಮಾತ್ರ ಏಕೆ ಎಚ್ಚರವಾಗಿ ಕೂರಬೇಕು?

ಮೊದಲ ದಿನ ಹದಿನಾಲ್ಕು ಸಲ ಬಿದ್ದರು. ಎರಡನೆಯ ದಿನ ಒಂಬತ್ತು. ಐದನೆಯ ದಿನ ಹಲಗೆಯ ಮೇಲೆ ಕಂಬದಂತೆ ನಿಂತರು! ಅರುಣಾ ಬೆರಗಾದಳು. "ಅಪ್ಪಾ, ಇಷ್ಟು ಬೇಗ ಬ್ಯಾಲೆನ್ಸ್ ಹೆಂಗೆ ಬಂತು?"

"ಮೂವತ್ತು ವರ್ಷದಿಂದ ಎಂಟು ಪವರ್‌ಲೂಮ್ ಮಧ್ಯೆ ನಿಂತಿದೀನಿ ಕಣಮ್ಮ. ನಮ್ಮ ಮಗ್ಗದ ಮನೆ ನೆಲ ಯಾವತ್ತಾದ್ರೂ ಅಲ್ಲಾಡದೆ ಇದ್ದದ್ದು ನೋಡಿದ್ಯಾ? ಅಲ್ಲಾಡೋ ನೆಲಾನೇ ನನಗೆ ನೆಲ!"

ಮಾತು ಸುಳ್ಳಲ್ಲ. ಐವತ್ತನಾಲ್ಕರ ಅಪ್ಪ ನೀರಿನ ಮೇಲೆ ನೆಟ್ಟಗೆ ನಿಂತದ್ದನ್ನು ನೋಡಿ ಮಗಳ ಕಣ್ಣು ಒದ್ದೆಯಾಯಿತು. ಅದನ್ನು ನೋಡಿದ ಅಪ್ಪ ಎದೆಯುಬ್ಬಿಸಿ ದಡಕ್ಕೆ ನುಗ್ಗಿದರು, ಅಲ್ಲಿದ್ದ ಜಾಲಿ ಪೊದೆಯನ್ನೂ ಬಿಡಲಿಲ್ಲ. ಪರ್‌ರ್ ಎಂದು ರೆಕ್ಕೆ ಈ ತುದಿಯಿಂದ ಆ ತುದಿಗೆ ಹರಿಯಿತು. ಗಾಳಿಯ ಕೊಳವೆ ಉಳಿಯಿತು, ಬಟ್ಟೆ ಹೋಯಿತು. ಹೊಸದು ಹೊರದೇಶದಿಂದ ಬರಲು ಎರಡು ತಿಂಗಳು ಎಂದಳು ಅರುಣಾ. ಅದಕ್ಕೇ ಆ ಘೋಷಣೆ!

ರಾಮಲಿಂಗಯ್ಯನವರು ಒಂದನೇ ನಂಬರ್ ಮಗ್ಗವನ್ನು ಎಬ್ಬಿಸಿದರು. ಮಗ್ಗದ ಮೇಲಿದ್ದದ್ದು ಮಾವಿನಕಾಯಿ ಅಂಚಿನ ಸೀರೆಯ ಡಿಸೈನು. ಇರಲಿ, ರೆಕ್ಕೆಗೂ ಒಂದು ಅಂದ ಬೇಡವೇ ಎಂದು ಜರಿಯಂಚನ್ನು ಹಾಗೆಯೇ ಬಿಟ್ಟರು. ಬಟ್ಟೆಯ ಸಂದಿನಲ್ಲಿ ಗಾಳಿ ನುಸುಳದಂತೆ ಒತ್ತಾಗಿ ನೇಯ್ದರು. ಅಷ್ಟಕ್ಕೂ ಸಮಾಧಾನವಾಗದೆ ತಮ್ಮ ಮನೆತನದ ಪರಮಾಸ್ತ್ರವನ್ನು ತೆಗೆದರು. ಗಂಜಿ! ಒಂದು ಸಲವಲ್ಲ, ಮೂರು ಸಲ ಗಂಜಿಯಲ್ಲಿ ಅದ್ದಿ, ತಾರಸಿಯ ಮೇಲೆ ಎಳೆದು ಒಣಗಿಸಿ, ಉಳಿದಿದ್ದ ಗಾಳಿಯ ಕೊಳವೆಗೆ ಬಿಗಿದರು. ಬೆರಳಲ್ಲಿ ಹೊಡೆದರೆ ತಮಟೆಯಂತೆ ಟಣ್ ಎನ್ನುತ್ತಿತ್ತು.

"ರೀ, ಅದು ನೀರಿಗೆ ಬೀಳೋ ಬಟ್ಟೆ ಕಣ್ರೀ," ಎಂದರು ಭಾಗ್ಯಮ್ಮ.

"ಬಿದ್ರೆ ತಾನೇ? ನಾನು ಬೀಳೋ ಕಾಲ ಮುಗೀತು!"

"ನಿಮ್ಮ ಸೀರೆಗಳೂ ಅಂಗಡೀಲಿ ಹಿಂಗೇ ಟಣ್ ಅಂತಾವೆ. ಒಂದು ನೀರು ಕಾಣ್ಲಿ, ಗೊತ್ತಾಗುತ್ತೆ."

ಅಯ್ಯೋ! ಭಾಗ್ಯಮ್ಮ ಹಳೆಯ ಗಾಯಕ್ಕೇ ಕೈಹಾಕಿದ್ದರು. ರಾಮಲಿಂಗಯ್ಯನವರ ಸೀರೆ ಮೊದಲ ಒಗೆತಕ್ಕೇ ಮುದುಡುತ್ತದೆ ಎಂಬುದು ಮೂವತ್ತು ವರ್ಷಗಳಿಂದ ಆ ಮನೆಯಲ್ಲಿ ನಡೆಯುತ್ತಿದ್ದ ಮೊಕದ್ದಮೆ. ಯಾರು ದೂರು ತಂದರೂ ಯಜಮಾನರದ್ದು ಒಂದೇ ತೀರ್ಪು: "ಬಟ್ಟೇಲೇನೂ ದೋಷ ಇಲ್ಲ. ನಿಮಗೆ ಒಗೆಯೋಕೆ ಬರಲ್ಲ!" ಈ ಮಾತನ್ನು ಭಾಗ್ಯಮ್ಮನಿಗೆ ಹೇಳಿದ್ದರು, ನೆರೆಮನೆಯವರಿಗೆ ಹೇಳಿದ್ದರು. ಕೊನೆಗೆ ಮದುವೆಯಲ್ಲಿ ಕೊಟ್ಟ ಸೀರೆ ಒದ್ದೆ ಹಪ್ಪಳವಾಯಿತು ಎಂದ ಬೀಗಿತ್ತಿ ವರಲಕ್ಷ್ಮಮ್ಮನವರಿಗೂ ಫೋನಿನಲ್ಲಿ ಹೇಳಿಬಿಟ್ಟಿದ್ದರು! ಮಗಳ ಅತ್ತೆಗೆ! ಅಂದು ಭಾಗ್ಯಮ್ಮ ತಲೆ ಮೇಲೆ ಸೆರಗೆಳೆದುಕೊಂಡು ಅಡುಗೆಮನೆ ಸೇರಿದ್ದರು.

"ಆಯ್ತು," ಎಂದರು ರಾಮಲಿಂಗಯ್ಯನವರು ಮೀಸೆ ತಿರುವುತ್ತ. "ಬೀಗಿತ್ತೀನ ಕೆರೆಗೇ ಕರೆಸು. ನಡುವೆ ಬಂಡೆ ಇದೆಯಲ್ಲ, ಅದನ್ನ ನನ್ನ ರೆಕ್ಕೆ ಮುಟ್ಟಿದ್ರೆ, ದೋಷ ಬಟ್ಟೇದಲ್ಲ ಒಗೆಯೋರ್ದು ಅಂತ ಅವರ ಮುಂದೆ ನೀನೇ ಹೇಳ್ಬೇಕು."

"ಮುಟ್ಟದೆ ಹೋದ್ರೆ?"

"ದೋಷ ನನ್ನ ಗಂಜೀದು ಅಂತ ನಾನೇ ಬಾಯಿಬಿಟ್ಟು ಹೇಳ್ತೀನಿ. ಮುಗೀತಲ್ಲ?"

"ಮುಗೀತು," ಎಂದರು ಭಾಗ್ಯಮ್ಮ. ಅವರು ಅಷ್ಟು ಬೇಗ ಒಪ್ಪಿಕೊಂಡದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಭಾನುವಾರ ಬೆಳಗ್ಗೆ ವರಲಕ್ಷ್ಮಮ್ಮ ಆಟೋದಲ್ಲಿ ಬಂದಿಳಿದರು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ನಿಜ, ಆದರೆ ಕೆರೆಗೆ ಹೊಸ್ತಿಲೆಲ್ಲಿದೆ? ಯಾವುದಕ್ಕೂ ಇರಲಿ ಎಂದು ಸೊಸೆಯಿಂದ ಹತ್ತು ಮಾರು ದೂರದಲ್ಲಿ ಚಾಪೆ ಹಾಸಿಕೊಂಡು ಕೂತರು.

ರಾಮಲಿಂಗಯ್ಯನವರು ನೀರಿಗಿಳಿದರು. ಮೊದಲು ಮಂಡಿಯೂರಿದರು, ಆಮೇಲೆ ಎದ್ದು ನಿಂತರು, ರೆಕ್ಕೆ ಎತ್ತಿದರು. ಗಾಳಿ ಬಂದು ಬಡಿಯಿತು. ಆಹಾ! ಆ ಬಟ್ಟೆ ಒಂದು ಎಳೆ ಗಾಳಿಯನ್ನೂ ಆಚೆಗೆ ಬಿಡಲಿಲ್ಲ! ಹಲಗೆ ಛಂಗನೆ ಚಿಮ್ಮಿ ನೀರನ್ನು ಸೀಳಿಕೊಂಡು ಹೊರಟಿತು. ಜರಿಯಂಚು ಬಿಸಿಲಿಗೆ ಫಳಫಳ ಹೊಳೆಯಿತು, ಮಾವಿನಕಾಯಿಗಳು ಸಾಲಾಗಿ ಕೆರೆ ದಾಟತೊಡಗಿದವು. "ಅಪ್ಪಾ, ಸೂಪರ್!" ಎಂದು ಅರುಣಾ ಕುಣಿದಳು. ಭಾಗ್ಯಮ್ಮನೂ ಎದ್ದು ನಿಂತುಬಿಟ್ಟರು. ಪಂದ್ಯದಲ್ಲಿ ಸೋತರೂ ಪರವಾಗಿಲ್ಲ, ನನ್ನ ಗಂಡ ನೀರಿನ ಮೇಲೆ ಹೋಗುತ್ತಿದ್ದಾನೆ ಎಂದು ಆ ಗಳಿಗೆಯಲ್ಲಿ ಅವರಿಗೆ ಅನಿಸಿದ್ದಂತೂ ನಿಜ.

ಅರ್ಧ ದಾರಿ. ಮುಕ್ಕಾಲು ದಾರಿ. ಬಂಡೆಯ ಮೇಲಿದ್ದ ನೀರುಕಾಗೆಗಳು ಎದ್ದು ಜಾಗ ಬಿಟ್ಟವು. ಇನ್ನು ಹತ್ತೇ ಮಾರು! ಬೀಗಿತ್ತಿ ನೋಡುತ್ತಿದ್ದಾರೋ ಇಲ್ಲವೋ ಎಂದು ರಾಮಲಿಂಗಯ್ಯನವರು ಹಿಂತಿರುಗಿದರು. ನೋಡುತ್ತಿದ್ದರು. ಅಷ್ಟು ಸಾಕಿತ್ತು. ಒಂದು ಕೈ ರೆಕ್ಕೆ ಬಿಟ್ಟು ಮೀಸೆಗೆ ಹೋಯಿತು.

ರೆಕ್ಕೆಯ ತುದಿ ನೀರಿಗೆ ತಗುಲಿತು. ತಗುಲಿದ ಕಡೆ ಮೆತ್ತಗಾಯಿತು. ಮೆತ್ತಗಾದ ಕಡೆ ಇನ್ನಷ್ಟು ನೀರು ಕುಡಿಯಿತು. ಎತ್ತಲು ಹೋದರೆ ಎರಡು ಕೊಡದ ಭಾರ! ಮೂರು ಪಟ್ಟು ಗಂಜಿ ಬೆಳ್ಳಗೆ ಕರಗಿ ಇಳಿಯಿತು. ತಮಟೆಯಾಗಿದ್ದ ರೆಕ್ಕೆ ಕಣ್ಣೆದುರೇ ನೆನೆದ ಸೀರೆಯಾಗಿ, ರಾಮಲಿಂಗಯ್ಯನವರ ತಲೆಯಿಂದ ಮಂಡಿಯವರೆಗೆ ಸುತ್ತಿಕೊಂಡು, ಅವರನ್ನು ನೀರಿಗೆ ಕೆಡವಿತು. ಗಂಜಿಯ ವಾಸನೆಗೆ ಕೆರೆಯ ಮೀನುಗಳೆಲ್ಲ ಊಟಕ್ಕೆ ಬಂದವು.

"ಕಚ್ತಾವಮ್ಮಾ!" ಎಂಬ ಕೂಗು ಬೆಟ್ಟಕ್ಕೆ ಬಡಿದು ಎರಡೆರಡು ಸಲ ಕೇಳಿಸಿತು.

ಅರುಣಾ ಈಜಿಕೊಂಡು ಹೋಗಿ, ಹಲಗೆಯ ಸಮೇತ ಅಪ್ಪನನ್ನು ಎಳೆದು ತಂದಳು. ದಡದಲ್ಲಿ ರಾಮಲಿಂಗಯ್ಯನವರು ಜರಿಯಂಚನ್ನು ಹೆಗಲ ಮೇಲೆ ಹೊದ್ದು ನಿಂತರು, ತೊಟ್ಟಿಕ್ಕುತ್ತ.

"ಮುಕ್ಕಾಲು ದಾರಿ ದಾಟಿದ್ನಲ್ಲಮ್ಮ?" ಎಂದರು ಮಗಳಿಗೆ ಮೆಲ್ಲಗೆ.

"ದಾಟಿದ್ರಿ ಅಪ್ಪಾ. ನಾನು ಕಲಿಯೋವಾಗ ಮೊದಲ ವಾರ ಇದರ ಅರ್ಧ ದೂರಾನೂ ಹೋಗಿರ್ಲಿಲ್ಲ."

ನೆನೆದ ಎದೆ ಮತ್ತೆ ಒಂದಂಗುಲ ಉಬ್ಬಿತು. ಅಷ್ಟರಲ್ಲಿ ವರಲಕ್ಷ್ಮಮ್ಮ ಎದ್ದು ಬಂದು, ರೆಕ್ಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. "ಬೀಗರೇ, ನಮ್ಮ ಸೀರೇನೂ ಥೇಟ್ ಹಿಂಗೇ ಆಗಿತ್ತು ನೋಡಿ. ಏನು ದೋಷ ಅಂತೀರಾ?"

ರಾಮಲಿಂಗಯ್ಯನವರು ಹೆಂಡತಿಯ ಮುಖ ನೋಡಿದರು. ಮಾತು ಮಾತೇ. ಸೋತವರು ಬಾಯಿಬಿಡಲೇಬೇಕು. ಮೂವತ್ತು ವರ್ಷದ ಹೆಮ್ಮೆಯನ್ನು ನುಂಗಿಕೊಂಡು, "ಅದು... ಗಂಜಿ..." ಎಂದು ತೊದಲಿದರು.

ಭಾಗ್ಯಮ್ಮ ಕೈಯೆತ್ತಿ ತಡೆದರು. ಟವಲನ್ನು ಗಂಡನ ತಲೆಯ ಮೇಲೆ ಹಾಕಿ, ಪ್ರೀತಿಯಿಂದ ಉಜ್ಜುತ್ತ, ಬೀಗಿತ್ತಿಯ ಕಡೆ ತಿರುಗಿ ಹೇಳಿದರು:

"ಬಟ್ಟೇಲೇನೂ ದೋಷ ಇಲ್ಲ ವರಲಕ್ಷ್ಮಮ್ಮನವ್ರೇ. ನಮ್ಮ ಯಜಮಾನ್ರಿಗೆ ಒಗೆಯೋಕೆ ಬರಲ್ಲ!"