ಹುಚ್ಚರಾಯಪ್ಪ ಮೇಷ್ಟ್ರ ಬೆಳ್ಳಿಹಬ್ಬ

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ವನಜಮ್ಮ ಕರಿಬೇವು ಕೇಳುವ ನೆಪದಲ್ಲಿ ಕಾಂಪೌಂಡಿನ ಮೇಲಿಂದ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ, ಹುಚ್ಚರಾಯಪ್ಪ ಮೇಷ್ಟ್ರ ಆ ದಿನ ಪೇಪರು ಓದುತ್ತಾ, ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಸುಖವಾಗಿ ಕಳೆದುಹೋಗುತ್ತಿತ್ತು.

“ಅಲ್ಲ ಮೇಷ್ಟ್ರೇ, ನಿಮ್ಮ ಮದುವೆ ಆಗಿ ಎಷ್ಟು ವರ್ಷ ಆತು?”

ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, “ಇಪ್ಪತ್ತಮೂರು” ಎಂದರು.

ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದಿನ ಜೊತೆಗೇ ಹೆಂಡತಿ ಸರ್ವಮಂಗಳೆಯ ದನಿ ಬಂತು. “ಇಪ್ಪತ್ತೈದು. ಇವತ್ತಿಗೆ.”

ವನಜಮ್ಮ ಕರಿಬೇವು ಮರೆತರು. ಅವರ ಬೆನ್ನ ಹಿಂದೆ ಹಲ್ಲುಜ್ಜುತ್ತಿದ್ದ ಗಂಡ ಸುಬ್ಬಪ್ಪ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕಾಂಪೌಂಡಿನ ಹತ್ತಿರ ಬಂದರು.

ಹುಚ್ಚರಾಯಪ್ಪನವರು ಆನವಟ್ಟಿಯ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ವರ್ಷಕ್ಕೊಮ್ಮೆ ಮಕ್ಕಳನ್ನು ಕುಬಟೂರಿಗೆ ನಡೆಸಿಕೊಂಡು ಹೋಗಿ, ಶಾಸನದ ಕಲ್ಲಿನ ಮುಂದೆ ನಿಲ್ಲಿಸಿ, ಯಾವ ಅರಸ ಯಾವ ವರ್ಷ ಯಾರಿಗೆ ಎಷ್ಟು ಗದ್ದೆ ದಾನ ಕೊಟ್ಟ ಎಂದು ಚೀಟಿ ನೋಡದೆ ಹೇಳುವವರು. ಅವರ ಮದುವೆಯ ತಾರೀಖನ್ನು ಮಾತ್ರ ಯಾರೂ ಕಲ್ಲಲ್ಲಿ ಕೆತ್ತಿಸಿರಲಿಲ್ಲ.

“ನನಗೆ ಗೊತ್ತಿಲ್ವಾ?” ಮೇಷ್ಟ್ರು ಪೇಪರು ಮಡಚಿದರು. “ಸರ್ಪ್ರೈಸ್ ಇರ್ಲಿ ಅಂತ ಸುಳ್ಳು ಲೆಕ್ಕ ಹೇಳಿದ್ದು.”

“ಏನ್ ಸರ್ಪ್ರೈಸು?” ಎಂದರು ಸುಬ್ಬಪ್ಪ. ಬಾಯ ತುಂಬ ನೊರೆ ಇದ್ದರೂ ಪ್ರಶ್ನೆ ಸ್ಪಷ್ಟವಾಗಿತ್ತು.

ಮೇಷ್ಟ್ರು ಆಕಾಶ ನೋಡಿದರು. ಅಲ್ಲಿಂದ ಏನೂ ಇಳಿಯಲಿಲ್ಲ. ಆದರೆ ಎಲ್ಲಿಂದಲೋ ಹಳೆಯ ಒಂದು ದಿನ ಮನಸ್ಸಿಗೆ ಬಂತು. ಹೊಸ ಸಂಬಳದ ಮೇಷ್ಟ್ರಿಗೆ ಊಟಿ, ಮೈಸೂರು ದೂರದ ಮಾತಾಗಿದ್ದ ಕಾಲದಲ್ಲಿ, ಸ್ನೇಹಿತನೊಬ್ಬ ಅವರಿಬ್ಬರನ್ನೂ ವ್ಯಾನಿನಲ್ಲಿ ಕೂರಿಸಿ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದ. ಜಾರುಬಂಡೆ, ದೋಣಿ, ಉಳಿಯಲು ಒಂದು ರೂಮು.

“ಮದುವೆ ಹೊಸದರಲ್ಲಿ ಹೋಗಿದ್ವಲ್ಲ ಮಂಗಳಾ, ಆ ಪಾರ್ಕಿಗೆ ಹೋಗೋಣ ಅಂತ.”

ಸರ್ವಮಂಗಳ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಅವಳ ಮುಖ ಅರಳಿದ್ದು ನೋಡಿ ಮೇಷ್ಟ್ರಿಗೆ ತಾವು ಹೇಳಿದ್ದು ಸುಳ್ಳೆನ್ನುವುದೇ ಮರೆತುಹೋಯಿತು.

“ಅದು ನಿಮಗೆ ನೆನಪಿದ್ಯಾ?”

“ಒಂದೊಂದು ಕಲ್ಲೂ ನೆನಪಿದೆ” ಎಂದರು ಮೇಷ್ಟ್ರು.

ಜಾಗದ ಗುರುತು ಅಂತ ನೆನಪಿದ್ದದ್ದು ಒಂದೇ. ಗೇಟಿನಲ್ಲಿ ಎರಡು ಸಿಮೆಂಟಿನ ಆನೆಗಳಿದ್ದವು. ಊರು ಯಾವುದು, ಪಾರ್ಕಿನ ಹೆಸರೇನು, ಒಂದೂ ಇಲ್ಲ. ಮೇಷ್ಟ್ರು ಹಿತ್ತಿಲಿಗೆ ಹೋಗಿ, ಬಚ್ಚಲ ಒಲೆಯ ಹಿಂದೆ ನಿಂತು, ಶಾಲೆಯ ಕಂಪ್ಯೂಟರ್ ಮೇಷ್ಟ್ರು ಹೇಮಂತನಿಗೆ ಫೋನು ಹಚ್ಚಿದರು.

“ಹೇಮಂತಾ, ಗೇಟಲ್ಲಿ ಎರಡು ಆನೆ ಇರೋ ಪಾರ್ಕು ಎಲ್ಲಿದೆ ಹುಡುಕಪ್ಪ. ಅರ್ಜೆಂಟು.”

ಹತ್ತು ನಿಮಿಷದಲ್ಲಿ ಫೋಟೋ ಬಂತು. ಎರಡು ಆನೆ, ಎತ್ತಿದ ಸೊಂಡಿಲು, ಮೇಲೆ ‘ಗಜಾನಂದ ಪಾರ್ಕ್ ಮತ್ತು ರೆಸಾರ್ಟ್’ ಎಂಬ ಬೋರ್ಡು. ಶಿಕಾರಿಪುರ ದಾಟಿ ಸ್ವಲ್ಪ ದೂರ. ಮೇಷ್ಟ್ರು ಫೋಟೋಕ್ಕೆ ಕೈ ಮುಗಿಯುವುದೊಂದು ಬಾಕಿ.

ಬಸ್ಸಿನಲ್ಲಿ ಇಬ್ಬರೇ ಹೋಗುವುದೆಂದು ಅವರ ಯೋಚನೆ. ಹೊರಗೆ ಬಂದರೆ ಸುಬ್ಬಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾರಿನ ಗಾಜು ಒರೆಸುತ್ತಿದ್ದರು.

“ಬೆಳ್ಳಿಹಬ್ಬದ ದಿನ ನೀವು ಬಸ್ಸಲ್ಲಿ ನೇತಾಡಿಕೊಂಡು ಹೋಗದಾ? ನಾವು ಇದೀವಲ್ರೀ!”

“ನಿಮಗ್ಯಾಕೆ ತೊಂದರೆ...”

“ತೊಂದರೆ ಎಂಥದು ಮೇಷ್ಟ್ರೇ” ಎಂದು ವನಜಮ್ಮ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. “ನಾನೂ ಪಾರ್ಕು ನೋಡಿ ಬಾಳ ದಿನ ಆತು.”

ಪಾರ್ಕಿನ ಮುಂದೆ ಕಾರು ನಿಂತಾಗ ಮೇಷ್ಟ್ರ ಎದೆ ತುಂಬಿ ಬಂತು. ಆನೆಗಳು ನಿಂತಿದ್ದವು. ಒಂದಕ್ಕೆ ಯಾರೋ ತಂಪು ಕನ್ನಡಕ ಹಾಕಿದ್ದರು.

“ನೋಡು ಮಂಗಳಾ! ಹಂಗೇ ಇದಾವೆ!”

ಸರ್ವಮಂಗಳ ಆನೆಗಳನ್ನು ನೋಡಿದಳು. ಬಲಕ್ಕೆ ತಿರುಗಿ ಬೋಳುಗುಡ್ಡ ನೋಡಿದಳು, ಎಡಕ್ಕೆ ತಿರುಗಿ ಕೆರೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು. ಐವತ್ತೆರಡು ವರ್ಷದ ಆ ಮುಖ ಜಾತ್ರೆಯಲ್ಲಿ ಪೀಪಿ ಸಿಕ್ಕ ಹುಡುಗನ ಹಾಗಿತ್ತು.

“ಹೂಂ. ಹಂಗೇ ಇದಾವೆ” ಎಂದಳು.

ಪಾರ್ಕು ನಿಜಕ್ಕೂ ಚೆಂದವಿತ್ತು. ಬಾಗಿಲಿನಿಂದ ಕೆರೆಯ ತನಕ ಚೆಂಡುಹೂವಿನ ಸಾಲು, ಒಂದು ಕಸ ಕಡ್ಡಿ ಇಲ್ಲದ ದಾರಿ, ಕೆರೆಯಲ್ಲಿ ಹಂಸದ ದೋಣಿಗಳು, ಅದರಾಚೆ ಆಕಾಶದಿಂದ ಸುರುಳಿ ಸುತ್ತಿಕೊಂಡು ಇಳಿಯುವ ನೀಲಿ ಜಾರುಬಂಡೆ. ಇಷ್ಟು ಅಚ್ಚುಕಟ್ಟಾದ ಜಾಗ ತಮ್ಮ ಸೀಮೆಯಲ್ಲೇ ಇದೆಯೆಂದು ವನಜಮ್ಮ ಹೆಜ್ಜೆಗೊಮ್ಮೆ ಬೆರಗಾದರು. ಮೇಷ್ಟ್ರಿಗಂತೂ ಪಾಠ ಮಾಡುವ ಹುಮ್ಮಸ್ಸು ಬಂತು.

“ಇಲ್ಲಿ ಹಂಸ ಇರ್ಲಿಲ್ಲ, ನವಿಲಿನ ದೋಣಿ ಇತ್ತು. ಅಲ್ವೇನಯ್ಯಾ?” ಎಂದು ದೋಣಿಯವನನ್ನು ಕೇಳಿದರು.

ಬಂದವರ ಮಾತಿಗೆ ಎದುರಾಡಬಾರದೆಂದು ಅವನಿಗೆ ತರಬೇತಿ ಕೊಟ್ಟಿದ್ದರು. “ಹೌದು ಸಾರ್. ತೆಗೆದ್ವಿ.”

“ಇಲ್ಲೊಂದು ಗಿಣಿ ಪಂಜರ ಇತ್ತಲ್ಲಮ್ಮಾ?”

“ಗಿಣಿ ಹಾರಿ ಹೋತು ಸಾರ್” ಎಂದಳು ಕಸ ಗುಡಿಸುವಾಕೆ ದುರ್ಗಮ್ಮ. ಪ್ರವಾಸಿಗರ ಮನಸ್ಸು ನೋಯಿಸುವುದು ಅವಳಿಗೂ ಇಷ್ಟವಿರಲಿಲ್ಲ.

ಹೀಗೆ ಸಾಕ್ಷಿ ಮೇಲೆ ಸಾಕ್ಷಿ ಸಿಕ್ಕು ಮೇಷ್ಟ್ರು ಜಾರುಬಂಡೆಯ ತುದಿಗೆ ಹತ್ತಿದರು. “ಅವತ್ತು ನಾನು ಮೂರು ಸಲ ಜಾರಿದ್ದೆ” ಎಂದು ಕೆಳಗಿದ್ದ ಹೆಂಡತಿಗೆ ಕೂಗಿ ಹೇಳಿ, ಬಾಡಿಗೆಯ ನೈಲಾನ್ ಚಡ್ಡಿಯಲ್ಲಿ ಕೂತು ಕೈ ಬಿಟ್ಟರು. ಮೊದಲ ಸುತ್ತು ಬಾಣದ ಹಾಗೆ ಹೋಯಿತು. ಎರಡನೆಯ ಸುತ್ತಿನಲ್ಲಿ ಅವರು ಗಂಟಲಲ್ಲಿ ಸಿಕ್ಕಿದ ಮುದ್ದೆಯ ಹಾಗೆ ನಿಂತುಬಿಟ್ಟರು. ಹಿಂದಿನ ಇಪ್ಪತ್ತೈದು ವರ್ಷ ಸರ್ವಮಂಗಳ ಬಡಿಸಿದ್ದೆಲ್ಲ ಅಲ್ಲಿ ಅಡ್ಡ ಬಂದಿತ್ತು.

“ಮೇಷ್ಟ್ರೇ, ಹೆದರಬ್ಯಾಡ್ರಿ, ನಾನು ಬಂದೆ!” ಎಂದು ಮೇಲಿನಿಂದ ಸುಬ್ಬಪ್ಪ ಕೂಗಿದರು. ಬೇಡ ಎನ್ನುವಷ್ಟರಲ್ಲಿ ಸುಬ್ಬಪ್ಪನ ಎರಡೂ ಪಾದಗಳು ಮೇಷ್ಟ್ರ ಬೆನ್ನಿಗೆ ಬಂದು ಬಡಿದವು. ಇಬ್ಬರೂ ಒಂದೇ ಮೂಟೆಯಾಗಿ ನೀರಿಗೆ ಬಿದ್ದರು. ಅರ್ಧ ಕೊಳ ಹೊರಗೆ ಚೆಲ್ಲಿ, ದಡದಲ್ಲಿ ನಿಂತಿದ್ದ ಮ್ಯಾನೇಜರ್ ರಾಜಕುಮಾರ್ ಅವರ ಶೂ ತುಂಬಿತು.

ರಾಜಕುಮಾರ್ ಕೆಲಸಕ್ಕೆ ಸೇರಿ ಹದಿನೈದೇ ದಿನವಾಗಿತ್ತು. ಹೊಸ ಮ್ಯಾನೇಜರನ ಉತ್ಸಾಹ ಅವರಲ್ಲಿ ಶೂಗಿಂತ ಹೆಚ್ಚು ತುಂಬಿತ್ತು.

“ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಪಾರ್ಕಿಗೆ ಬಂದಿದ್ರಂತೆ, ಹೌದಾ ಸಾರ್?”

ಮೇಷ್ಟ್ರು ಕಿವಿಯಿಂದ ನೀರು ತೆಗೆಯುತ್ತಾ, “ಮದುವೆ ಇದೇ ದಿನ, ಇಲ್ಲಿಗೆ ಬಂದದ್ದು ಅದೇ ವಾರ” ಎಂದರು. ತಾರೀಖು ಬಂದ ಕೂಡಲೇ ಅವರ ಮಾತಿಗೆ ತೂಕ ಬರುತ್ತಿತ್ತು.

ಟಿಕೆಟ್ ಕೊಡುವ ದಿವ್ಯ ಎಂಬ ಹುಡುಗಿ, “ಸಾರ್, ಆದ್ರೆ ನಮ್ಮ ಪಾರ್ಕು...” ಎಂದು ಮುಂದೆ ಬಂದಳು. ರಾಜಕುಮಾರ್ ಕೈಯೆತ್ತಿ ತಡೆದರು. “ಆಮೇಲೆ ಹೇಳಮ್ಮ. ಮೊದಲು ಶಾಲು ತರ್ಸು.”

ಊಟದ ನಂತರ ಕೆರೆಯ ಪಕ್ಕದ ವೇದಿಕೆಯಲ್ಲಿ ಇನ್ನೂರು ಜನರ ಮುಂದೆ ಗಂಡ ಹೆಂಡತಿಯನ್ನು ಕೂರಿಸಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ವನಜಮ್ಮ ತಮ್ಮ ಮಗಳ ಮದುವೆಯೇನೋ ಎಂಬಂತೆ ಅಕ್ಕಿಕಾಳು ಎಲ್ಲಿಂದಲೋ ಹುಡುಕಿ ತಂದು ಎಲ್ಲರಿಗೂ ಹಂಚಿದರು. ಕೊನೆಗೆ ಮೈಕು ಮೇಷ್ಟ್ರ ಕೈಗೆ ಬಂತು.

“ಸಾಕು ರೀ, ನಮಸ್ಕಾರ ಅಂದು ಕೂತ್ಕೊಳಿ” ಎಂದು ಸರ್ವಮಂಗಳ ಪಿಸುಗುಟ್ಟಿದಳು. ಆದರೆ ಮೈಕು ಸಿಕ್ಕ ಇತಿಹಾಸದ ಮೇಷ್ಟ್ರು ಇಳಿಜಾರಿನ ಬಂಡಿ ಇದ್ದ ಹಾಗೆ.

“ಬಂಧುಗಳೇ, ಈ ವೇದಿಕೆ ಇರುವ ಜಾಗದಲ್ಲೇ ಅಂದು ಒಂದು ಸಂಪಿಗೆ ಮರವಿತ್ತು. ಅದರ ಕೆಳಗೆ ನಾವಿಬ್ಬರೂ ಸಂಜೆಯ ತನಕ ಕೂತು ಮಾತಾಡಿದೆವು. ಇವಳು ಹೊಸಬಾಳೆಯ ಹುಡುಗಿ. ಅಲ್ಲಿಯ ತನಕ ನನ್ನ ಜೊತೆ ನಾಲ್ಕು ಮಾತು ಆಡಿರಲಿಲ್ಲ. ಆ ಮರದ ಕೆಳಗೆ ಮೊದಲನೇ ಸಲ ನಕ್ಕಳು. ರಾತ್ರಿ ಇಲ್ಲೇ ಉಳಿದೆವು. ಚಳಿ ಅಂದಳು, ನನ್ನ ಸ್ವೆಟರ್ ಕೊಟ್ಟೆ. ನಾನು ನಡುಗುತ್ತಾ ಬೆಳಗು ಮಾಡಿದೆ. ನನ್ನ ಪಾಲಿಗೆ ಈ ನೆಲ ಬನವಾಸಿಗಿಂತ ದೊಡ್ಡದು!”

ಜನ ಶಿಳ್ಳೆ ಹಾಕಿದರು. ಒಂದಿಬ್ಬರು ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸುಬ್ಬಪ್ಪ ಫೋನಿನಲ್ಲಿ ವೀಡಿಯೋ ಮಾಡುತ್ತಿದ್ದರು.

ಅಷ್ಟು ಹೊತ್ತಿಗೆ ನೀರಿನ ಮೋಟರು ನೋಡಲೆಂದು ಬಂದಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ವೇದಿಕೆ ಹತ್ತಿದರು. ರಾಜಕುಮಾರ್ ಓಡಿ ಹೋಗಿ ಕುರ್ಚಿ ಹಾಕಿದರು. ಅವರು ಪಾರ್ಕಿನ ಮಾಲೀಕರು, ಹುಲಿಯಪ್ಪ. ಮೇಷ್ಟ್ರ ಮಾತೆಲ್ಲ ಮೋಟರಿನ ಮನೆಯಿಂದಲೇ ಅವರಿಗೆ ಕೇಳಿಸಿತ್ತು.

“ನಮಸ್ಕಾರ ಮೇಷ್ಟ್ರೇ” ಎಂದು ಹುಲಿಯಪ್ಪ ಇನ್ನೊಂದು ಮೈಕು ಹಿಡಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಗಾಬರಿಯಿತ್ತು. “ಈ ಪಾರ್ಕು ಮಾಡಿ ಎಂಟು ವರ್ಷ ಆತು. ಅದಕ್ಕೂ ಮೊದ್ಲು ಇದು ನಮ್ಮಪ್ಪಾರ ಗೋವಿನಜೋಳದ ಹೊಲ. ಇಪ್ಪತ್ತೈದು ವರ್ಷದ ಹಿಂದೆ ರಾತ್ರಿ ಕಾವಲಿಗೆ ಅಟ್ಟಣಿಗೆ ಮೇಲೆ ನಾನೇ ಮಲಗ್ತಿದ್ದೆ. ಜೋಳದಾಗೆ ಏನಾರ ಅಲುಗಿದ್ರೆ ಹಂದಿ ಅಂತ ಪಟಾಕಿ ಹಚ್ಚಿ ಎಸೀತಿದ್ದೆ. ಹಂಗಾರೆ ಅದು ನೀವೇನ್ರೀ? ಎಲ್ಲೂ ಏಟು ಬೀಳ್ಲಿಲ್ಲ ಅಲ್ಲಾ?”

ಇನ್ನೂರು ಜನ ಒಟ್ಟಿಗೇ ನಕ್ಕರು. ವನಜಮ್ಮ ಕುರ್ಚಿಯಿಂದ ಜಾರಿದರು. ಸುಬ್ಬಪ್ಪನ ಫೋನು ಮೇಲೆ ಕೆಳಗೆ ಕುಣಿಯುತ್ತಿತ್ತು, ಆದರೂ ವೀಡಿಯೋ ನಿಲ್ಲಿಸಲಿಲ್ಲ. ಮೇಷ್ಟ್ರ ಪೇಟ ಹುಬ್ಬಿನ ತನಕ ಇಳಿಯಿತು. ಅದು ಗದ್ದದ ತನಕ ಇಳಿಯಬಾರದೇ ಎಂದು ಅವರಿಗನ್ನಿಸಿತು.

ಸರ್ವಮಂಗಳ ಎದ್ದಳು. ಇಪ್ಪತ್ತೈದು ವರ್ಷದಲ್ಲಿ ಮೈಕು ಮುಟ್ಟದವಳು ಗಂಡನ ಕೈಯಿಂದ ಮೈಕು ತೆಗೆದುಕೊಂಡಳು.

“ಏಟು ಬೀಳ್ಲಿಲ್ಲ ಯಜಮಾನ್ರೇ” ಎಂದಳು. “ಅದು ನಿಮ್ಮ ಹೊಲ ಅಲ್ಲ. ನಮ್ಮನೆಯವರಿಗೆ ಜಾಗ ತಪ್ಪಿದೆ. ಸಂಪಿಗೆ ಮರ ತಪ್ಪಿಲ್ಲ. ನಾನು ನಕ್ಕಿದ್ದು ಖರೆ, ಸ್ವೆಟರ್ ಕೊಟ್ಟಿದ್ದೂ ಖರೆ. ಇವರು ನಡುಗಿದ್ದು ಮಾತ್ರ ಇವತ್ತೇ ನನಗೆ ಗೊತ್ತಾಗಿದ್ದು. ಆಗ ಕೇಳಿದ್ರೆ ಸೆಖೆ ಅಂದಿದ್ರು.”

ನಗು ನಿಂತಿತು. ಬಿದ್ದ ಚಪ್ಪಾಳೆ ಮೊದಲಿನ ಶಿಳ್ಳೆಗಿಂತ ಜೋರಾಗಿತ್ತು. ಹುಲಿಯಪ್ಪ ಟವೆಲಿನಿಂದ ಕಣ್ಣು ಒತ್ತಿಕೊಂಡು, “ಇಂಥಾ ತಾಯಿ ಸಿಕ್ಕಾರೆ ಅಂದ್ರೆ ಮೇಷ್ಟ್ರೇ, ನೀವು ಪುಣ್ಯ ಮಾಡೀರಿ” ಎಂದು ತಮ್ಮ ತೋಟದ ಒಂದು ಚೀಲ ಎಳೆ ಜೋಳದ ತೆನೆ ಕಾರಿಗೆ ಹಾಕಿಸಿದರು.

ವಾಪಸು ಬರುವಾಗ ಶಿಕಾರಿಪುರ ದಾಟುವ ತನಕ ಮೇಷ್ಟ್ರು ಪೇಟವನ್ನು ಮಡಿಲಲ್ಲಿಟ್ಟುಕೊಂಡು ಅದರ ನೆರಿಗೆ ಎಣಿಸಿದರು. ಸುಬ್ಬಪ್ಪನ ಭುಜ ಮಾತ್ರ ಆಗಾಗ ತನ್ನಷ್ಟಕ್ಕೆ ಕುಲುಕುತ್ತಿತ್ತು.

“ನಿನಗೆ ಯಾವಾಗ ಗೊತ್ತಾಯ್ತು?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

“ಕಾರು ಶಿಕಾರಿಪುರದ ದಾರಿ ಹಿಡಿದಾಗಲೇ ಅನುಮಾನ ಬಂತು, ಗೇಟಲ್ಲಿ ಖಾತ್ರಿ ಆತು. ನಮ್ಮ ಹಳೇ ಪಾರ್ಕಲ್ಲಿ ಗುಡ್ಡ ಇರ್ಲಿಲ್ಲ ರೀ.”

“ಹೇಳಬಾರದಿತ್ತಾ?”

“ನೀವು ಅಷ್ಟು ಖುಷಿಯಾಗಿದ್ರಿ. ಪಾರ್ಕೂ ಚೆನ್ನಾಗಿತ್ತು. ಅದಕ್ಕಿಂತ ಇದೇ ಚೆನ್ನಾಗಿತ್ತು.”

ಮೇಷ್ಟ್ರಿಗೆ ಹೇಗಾದರೂ ಈ ಹೆಂಗಸಿನ ಋಣ ತೀರಿಸಬೇಕು ಎನಿಸಿತು. ಹಿಂದೆ ಮುಂದೆ ನೋಡದೆ, ಮುಂದಿನ ಸೀಟಿನವರಿಗೂ ಕೇಳುವಂತೆ ಹೇಳಿದರು. “ಆದದ್ದಾಯ್ತು. ಅಸಲಿ ಪಾರ್ಕು ಎಲ್ಲಿದೆ ಹೇಳು. ಅದು ಎಲ್ಲೇ ಇರ್ಲಿ, ಏನೇ ಆಗಿರ್ಲಿ, ನಾನು ನಿನ್ನ ಕರ್ಕೊಂಡು ಹೋಗಿ ಆ ರೂಮು ಮುಂದೆ ನಿಲ್ಲಿಸ್ದಿದ್ರೆ ಕೇಳು. ಮರ ನೋಡಿದ ತಕ್ಷಣ ನಾನು ಗುರುತು ಹಿಡೀತೀನಿ.”

ಸರ್ವಮಂಗಳ ಕಿಟಕಿಯಾಚೆ ನೋಡಿದಳು. “ಬ್ಯಾಡ ಬಿಡಿ.”

“ಇಲ್ಲ, ಹೇಳು.”

“ಪಾರ್ಕು ಮುಚ್ಚಿ ಛತ್ರ ಮಾಡಿದಾರೆ. ಹೋದ ವರ್ಷ ಇವರ ಮಗಳು ಶ್ರೀಲತಾನ ಮದುವೆ ಆತಲ್ಲ, ಅದೇ.”

ಕಾರು ರಸ್ತೆ ಪಕ್ಕಕ್ಕೆ ಹೋಗಿ ತಾನಾಗಿಯೇ ನಿಂತಿತು. ಸುಬ್ಬಪ್ಪ, ವನಜಮ್ಮ ಇಬ್ಬರೂ ಪೂರ್ತಿ ಹಿಂದಕ್ಕೆ ತಿರುಗಿದರು.

“ನಮ್ಮ ಶ್ರೀಲತಾನ ಮದುವೇಲಿ ಎರಡು ದಿನ ಅಲ್ಲೇ ಇದ್ರಲ್ಲ ಮೇಷ್ಟ್ರೇ!” ಎಂದರು ವನಜಮ್ಮ.

“ಸಂಪಿಗೆ ಮರಕ್ಕೇ ಚಪ್ಪರದ ಹಗ್ಗ ಕಟ್ಟಿದ್ರು” ಎಂದಳು ಸರ್ವಮಂಗಳ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಾವು ಉಳಿದಿದ್ದ ರೂಮಲ್ಲಿ ಅಡುಗೆ ಸಾಮಾನು ಇಟ್ಟಿದ್ರು. ತೋರಿಸೋಣ ಅಂತ ನಿಮ್ಮ ಕೈ ಹಿಡ್ಕೊಂಡು ಬಾಗಿಲ ತನಕ ಕರ್ಕೊಂಡು ಹೋದೆ. ನೀವು, ‘ಬಿಡೇ, ಪಂಕ್ತಿ ಶುರು ಆತು, ಹೋಳಿಗೆ ತಣ್ಣಗಾಗುತ್ತೆ’ ಅಂತ ಕೊಸರಿಕೊಂಡು ಓಡಿದ್ರಿ.”

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಮೂವರೂ ಕಾದರು.

“ಹೋಳಿಗೆ ನೆನಪಿದೆ” ಎಂದರು ಮೇಷ್ಟ್ರು.