ಅತ್ತೆಯ ಪುದೀನಕ್ಕೆ ಡಾಕ್ಟರ ರುಜು

ಪದ್ಮನಾಭನಗರದ ನಮ್ಮ ಸೋದರತ್ತೆಯ ಮುಂದೆ ಕಾಯಿಲೆ ಬೀಳಲು ಧೈರ್ಯ ಬೇಕು. ಕೆಮ್ಮಿದರೆ ಸಾಕು, ಲೋಟದಲ್ಲಿ ಪುದೀನ ಕಷಾಯ ಬಂದಿರುತ್ತದೆ! ಅವರ ಪ್ರಯೋಗಗಳಿಗೆಂದೇ ನನ್ನ ದಿನಚರಿಯಲ್ಲಿ ಬೇರೆ ಪುಟವಿದೆ: ನೆಗಡಿ, ಸೊಳ್ಳೆ ಕಡಿತ, ಪಕ್ಕದ ಮನೆ ಹುಡುಗಿಯ ಪರೀಕ್ಷೆಯ ಭಯ, ಸ್ಕೂಟರ್ ಸೀಟಿನ ವಾಸನೆ. ಪೂರ್ತಿ ಗುಣವಾದದ್ದು ಸ್ಕೂಟರ್ ಮಾತ್ರ.

ತಾತ ತೀರಿಕೊಂಡದ್ದು ಕರುಳಿನ ಕ್ಯಾನ್ಸರಿನಿಂದ. ಅವರ ಮಕ್ಕಳಿಬ್ಬರೂ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ತೂರಿಸಿ ಕರುಳು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಲೇಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆ ಕೂಡಲೇ ಮಾಡಿಸಿಕೊಂಡು, ಪಾರ್ಕಿನ ವಾಕಿಂಗ್ ಗುಂಪಿಗೆಲ್ಲ ವಿವರವಾಗಿ ವರದಿ ಒಪ್ಪಿಸಿದರು. ಅಪ್ಪ ಮಾತ್ರ ಮುಂದೂಡುತ್ತಲೇ ಇದ್ದರು.

"ಕ್ಯಾಮೆರಾಗೆ ಯಾಕೋ ಹೆದರ್ತೀಯ? ಮದುವೇಲಿ ಹಲ್ಲು ಬಿಟ್ಕೊಂಡು ನಿಂತಿದ್ದೆಯಲ್ಲ!"

"ಅಕ್ಕಾ, ಆವತ್ತು ಕ್ಯಾಮೆರಾ ಮುಂದ್ಗಡೆ ಇತ್ತು!"

ಅತ್ತೆ ಬ್ಯಾಗು ತಂದು ಶ್ರೀನಗರದ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದರು. ಅಪ್ಪ ಸೋತರು.

ಪರೀಕ್ಷೆಯ ಹಿಂದಿನ ದಿನ ತಿಳಿಯಾದ ದ್ರವ ಮಾತ್ರ ಕುಡಿಯಬೇಕಿತ್ತು. ಅತ್ತೆ ಪುದೀನ ರಸವನ್ನು ಪಂಚೆಯಲ್ಲಿ ಮತ್ತೆ ಮತ್ತೆ ಸೋಸಿ ತಂದರು. ಆಸ್ಪತ್ರೆಗೆ ಫೋನ್ ಮಾಡಿದೆ. "ಮನೆ ಔಷಧಿ ಏನೂ ಕೊಡ್ಬೇಡಿ" ಎಂದರು ನರ್ಸ್. ಅತ್ತೆ ತಾವೇ ಅದನ್ನು ಗಟಗಟನೆ ಕುಡಿದು, ತಮ್ಮನ ಜೊತೆ ತಾವೂ ಉಪವಾಸ ಕೂತರು. ಅವರಿಗೆ ಪರೀಕ್ಷೆಯೇ ಇರಲಿಲ್ಲ!

ಮರುದಿನ ಡಾಕ್ಟರು ವಿವರಿಸಿದರು: "ಕರುಳು ಮುದುಡ್ತಾ ಇದ್ರೆ ಮಡಿಕೆ ಹಿಂದೆ ಏನಿದೆ ಕಾಣಲ್ಲ. ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿದ ದ್ರಾವಣ ಒಳಗೆ ಸಿಂಪಡಿಸ್ತೀವಿ. ಕರುಳು ಸಡಿಲ ಆಗುತ್ತೆ, ಚೆನ್ನಾಗಿ ಕಾಣುತ್ತೆ."

"ಪೆಪ್ಪರ್‌ಮಿಂಟ್ ಅಂದ್ರೆ ಸಾರ್?"

"ಪುದೀನ ಜಾತೀದೇ ಮೇಡಂ."

ಅತ್ತೆ ನನ್ನತ್ತ ತಿರುಗಿದ ಗತ್ತು ನೋಡಬೇಕಿತ್ತು! "ಬರ್ಕೋ ನಿನ್ನ ಡೈರೀಲಿ! ಸಾರ್, ನಮ್ಮ ಟೆರೇಸಲ್ಲಿ ಬೇಕಾದಷ್ಟಿದೆ, ತರ್ಲಾ?"

"ಅಯ್ಯೋ, ನಿಮ್ದು ಚಟ್ನಿಗಿರಲಿ ಮೇಡಂ!"

ಅಪ್ಪ ಒಳಗಿದ್ದಷ್ಟು ಹೊತ್ತೂ ಅತ್ತೆ ಪಕ್ಕದವರಿಗೆಲ್ಲ ಪುದೀನ ಬೆಳೆಸುವುದನ್ನು ಕಲಿಸಿದರು. ಕೊನೆಗೆ ಡಾಕ್ಟರು ಹೊರಬಂದರು.

"ಒಂದು ಮಡಿಕೆ ಹಿಂದೆ ಚಿಕ್ಕ ಗಂಟಿತ್ತು, ತೆಗೆದಿದ್ದೀವಿ. ಟೆಸ್ಟಿಗೆ ಕಳಿಸ್ತೀವಿ. ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಆಗ್ಬಹುದಿತ್ತು, ಒಳ್ಳೇ ಹೊತ್ತಿಗೆ ಸಿಕ್ತು."

ಜಂಬ ಕೊಚ್ಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಅತ್ತೆ ಮಾತ್ರ ನೇರ ಒಳಗೆ ಹೋದರು. ಅಪ್ಪ ಇನ್ನೂ ಮಂಪರಿನಲ್ಲಿದ್ದರು.

"ಅಕ್ಕಾ... ಅಪ್ಪಂಗೆ ಬಂದಿದ್ದೇ ನಂಗೂ ಬಂತಾ?"

"ಬರೋಕೆ ಮುಂಚೇನೇ ತೆಗೆದ್ರು ಕಣೋ ಪುಟ್ಟು. ಮಲ್ಕೋ."

ನಮ್ಮ ಅಪ್ಪನನ್ನು ಯಾರಾದರೂ 'ಪುಟ್ಟು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಅಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋದರು. ನಾನು ಕುರ್ಚಿ ತಂದಿಟ್ಟೆ. ಕೂತರೆ ಸೆರಗು ಎಳೆದಂತಾಗುತ್ತದೆಂದು ಅತ್ತೆ ಬಾಗಿದಂತೆಯೇ ನಿಂತಿದ್ದರು.