ರೇವಣಸಿದ್ದಪ್ಪನ ಘಾಟುಯಂತ್ರ

"ಇದು ದಮ್ಮು ಪತ್ತೆ ಹಚ್ಚೋ ಯಂತ್ರ!" ಎಂದು ರೇವಣಸಿದ್ದಪ್ಪ ಹಳೆಯ ಕುಕ್ಕರಿನಿಂದ ತಾನು ಕಟ್ಟಿದ ಡಬ್ಬದ ಬೆನ್ನು ತಟ್ಟಿದ. ಅದಕ್ಕೊಂದು ಮುಖವಾಡ, ರಬ್ಬರಿನ ತಿದಿ, ಮಾತಾಡುವ ಪೆಟ್ಟಿಗೆ. "ಮೊದಲು ಊದ್ಬೇಕು. ಆಮೇಲೆ ಚೂರೇ ಚೂರು ಮೆಣಸಿನಕಾಯಿ ಘಾಟು ಎಳ್ಕೊಂಡು ಮತ್ತೆ ಊದ್ಬೇಕು. ಶ್ವಾಸನಾಳ ಸೂಕ್ಷ್ಮ ಇದ್ರೆ ಊದೋ ಜೋರು ಇಳಿಯುತ್ತೆ. ಬರ್ರಿ ನೀಲತ್ತಿಗೆ, ಈ ಮನೇಲಿ ಗ್ಯಾರಂಟಿ ದಮ್ಮಿನವ್ರು ನೀವೊಬ್ರೇ!"

ನೀಲಾಂಬಿಕೆ ಹಿಂದಕ್ಕೆ ಸರಿದಳು. ಹನ್ನೆರಡು ವರ್ಷದ ಹಿಂದೆ, ಹೊಸ ಸೊಸೆಯಾಗಿದ್ದಾಗ, ಒಗ್ಗರಣೆಯ ಮುಂದೆ ಒಮ್ಮೆ ಕೆಮ್ಮಿದ್ದಳು. "ಪಾಪ, ಹುಡುಗಿಗೆ ದಮ್ಮು" ಎಂದು ಅತ್ತೆ ಒಲೆಯಿಂದ ದೂರ ಕೂರಿಸಿದರು. ಅಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಂದಿನಿಂದ ಅವಳು ನಡುಮನೆಯಲ್ಲಿ ಕಾದಂಬರಿ ಓದಿದಳು. ಹಿರಿಯ ಓರಗಿತ್ತಿ ಸರ್ವಮಂಗಳ ಹನ್ನೊಂದು ಜನಕ್ಕೆ ಒಬ್ಬಳೇ ಹುರಿದಳು, ಕುಟ್ಟಿದಳು.

"ಬೇಡಪ್ಪಾ, ಇವತ್ತು ನೆಗಡಿ..."

ಅಷ್ಟರಲ್ಲಿ ಮುಖವಾಡ ಅವಳ ಮೂಗುಬಾಯಿಯ ಮೇಲೆ ಬಿದ್ದೇಬಿಟ್ಟಿತ್ತು! ಊದಿದಳು. ಘಾಟು ಎಳೆದುಕೊಂಡಳು. ಮತ್ತೆ ಊದಿದಳು.

"ಇಳಿದಿಲ್ಲ. ಘಾಟು ಇಮ್ಮಡಿ!" ಎಂದಿತು ಯಂತ್ರ.

ಈ ಸಲ ಬೇಕೆಂದೇ ಮೆಲ್ಲಗೆ ಊದಿದಳು.

"ಕಳ್ಳ ಊದು! ಮತ್ತೆ ಊದಿ!"

ದಮ್ಮು ಸಿಗುವ ತನಕ ಬಿಡಬೇಡವೆಂದು ರೇವಣಸಿದ್ದಪ್ಪ ಅದಕ್ಕೆ ಕಲಿಸಿದ್ದ. ನಿಲ್ಲಿಸುವ ಗುಂಡಿ ಇಡಲು ಮರೆತಿದ್ದ! ನಾಲ್ಕನೆಯ ಇಮ್ಮಡಿಗೆ ಗೋಡೆಯ ಹಲ್ಲಿ ಸೀನಿ ಕೆಳಗೆ ಬಿತ್ತು. "ಯಾರಿಗ್ರೀ ಇಷ್ಟೊಂದು ದೃಷ್ಟಿ ತೆಗೀತಿರೋದು?" ಎಂದು ಎದುರುಮನೆಯವರು ಕೂಗಿದರು. ರೇವಣಸಿದ್ದಪ್ಪ ಕೆಮ್ಮುತ್ತಾ ಅಂಗಳಕ್ಕೆ ಓಡಿದ. ನೀಲಾಂಬಿಕೆ ಮಾತ್ರ ಕಲ್ಲಿನಂತೆ ಕೂತಿದ್ದಳು, ಒಂದು ಕೆಮ್ಮೂ ಬಾರದೆ!

ಆಗ ಅಡುಗೆಮನೆಯಿಂದ ಸರ್ವಮಂಗಳ ಏದುಸಿರು ಬಿಡುತ್ತಾ ಬಂದು ಮುಖವಾಡ ಕಿತ್ತಳು. "ಬಿಡೋ... ಅವಳಿಗೆ... ದಮ್ಮು!"

ಅವಳ ಉಸಿರು ತಿದಿಗೆ ತಾಗಿತು. "ಸಿಕ್ಕಿತು!" ಎಂದು ಯಂತ್ರ ಕುಣಿಯಿತು. "ಸೂಕ್ಷ್ಮ ಶ್ವಾಸನಾಳ! ಬಹಳ ಹಳೆಯದು!"

ನೀಲಾಂಬಿಕೆ ಓರಗಿತ್ತಿಯನ್ನು ತಬ್ಬಿ ಹೊರಗೆ ಕರೆತಂದು ಜಗಲಿಯ ಮೇಲೆ ಕೂರಿಸಿದಳು.

"ಅಂದ್ರೆ ನೀಲತ್ತಿಗೆಗೆ...?" ಎಂದ ರೇವಣಸಿದ್ದಪ್ಪ.

ಸರ್ವಮಂಗಳ ನೀಲಾಂಬಿಕೆಯ ಮುಖ ನೋಡಿದಳು. ಉಸಿರು ಸಾಲದಿದ್ದರೂ ಹೇಳಿದಳು: "ನಿನ್ನ ಡಬ್ಬ... ಕೆಟ್ಟಿದೆ ಕಣೋ."

ನೀಲಾಂಬಿಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಡಬ್ಬ ಸರಿಯಾಗಿದೆ. ನಂಗೆ ದಮ್ಮಿಲ್ಲ ಅಕ್ಕಾ. ಯಾವತ್ತೂ ಇರ್ಲಿಲ್ಲ."

ಒಳಗೆ ತನ್ನ ಘಾಟನ್ನು ತಾನೇ ಕುಡಿದ ಯಂತ್ರ ಸೀನಿ, ಮುಚ್ಚಳವನ್ನು ಅಟ್ಟಕ್ಕೆ ಹಾರಿಸಿ, "ನನಗೂ ಇದೆ!" ಎಂದು ಸುಮ್ಮನಾಯಿತು.

ಆಸ್ಪತ್ರೆಯಲ್ಲಿ ಸರಿಯಾದ ಪರೀಕ್ಷೆ ಮಾಡಿ ಸರ್ವಮಂಗಳಳಿಗೆ ಇನ್‌ಹೇಲರ್ ಕೊಟ್ಟರು. ಮರುದಿನ ಒಲೆಯ ಮುಂದೆ ನಿಂತವಳು ನೀಲಾಂಬಿಕೆ. ನಡುಮನೆಯಿಂದ, ಕಾದಂಬರಿಯ ಹಾಳೆ ಮಗುಚುತ್ತಾ, ಸರ್ವಮಂಗಳ ಕೂಗಿದಳು:

"ಎಣ್ಣೆ ಕಾದ್ಮೇಲೆ ಸಾಸಿವೆ ಕಣೇ. ಹನ್ನೆರಡು ವರ್ಷ ಆಯ್ತಲ್ಲ, ಮರ್ತಿರುತ್ತೆ."